ಹತ್ತೊಂಬತ್ತು ಕುರ್ಚಿಗಳ ಬೀದಿ

ಮೂವತ್ತೊಂದು ವರ್ಷದಲ್ಲಿ ವರ್ನೆಲ್ ಗ್ಯಾಸ್ಕಿನ್ಸ್ ಒಂದು ಸಹಿಗಾಗಿ ಯಾರ ಮನೆಯ ಬಾಗಿಲನ್ನೂ ತಟ್ಟಿದವಳಲ್ಲ. ದಕ್ಷಿಣ ಫಿಲಡೆಲ್ಫಿಯಾದ ಬಾರ್ಲೋ ಬೀದಿಗೆ ಅವಳು ಕ್ಯಾಪ್ಟನ್. ಸಂಬಳವಿಲ್ಲದ, ಬೈಗುಳ ಮಾತ್ರ ಧಾರಾಳವಾಗಿ ಸಿಗುವ ಹುದ್ದೆ ಅದು. ಏಪ್ರಿಲ್‌ನಲ್ಲಿ ಬೀದಿ ತೊಳೆಯುವ ದಿನ ಎಲ್ಲರನ್ನೂ ಎಬ್ಬಿಸಬೇಕು. ದೀಪದ ಕಂಬ ಕೆಟ್ಟರೆ ನಗರದ ಕಚೇರಿಗೆ ಫೋನ್ ಮಾಡಿ ಜಗಳವಾಡಬೇಕು. ಜುಲೈ ತಿಂಗಳ ಮೂರನೇ ಶನಿವಾರ ಬೀದಿಯ ಎರಡೂ ತುದಿಗೆ ಅಡ್ಡಗಟ್ಟಿ, ಕಾರುಗಳನ್ನೆಲ್ಲ ಹೊರಗೆ ಕಳಿಸಿ, ಉದ್ದಕ್ಕೂ ಮೇಜು ಹಾಕಿಸಿ ಪಾರ್ಟಿ ನಡೆಸಬೇಕು. ಆ ಪಾರ್ಟಿಗೆ ನಗರದ ಅನುಮತಿ ಬೇಕು, ಅನುಮತಿಗೆ ಬೀದಿಯ ಮುಕ್ಕಾಲು ಪಾಲು ಮನೆಯವರ ಸಹಿ ಬೇಕು.

ಅದಕ್ಕೆ ವರ್ನೆಲ್ ಮಾಡುತ್ತಿದ್ದದ್ದು ಇಷ್ಟೇ. ಜೂನ್ ತಿಂಗಳ ಒಂದು ಸಂಜೆ ರಟ್ಟಿನ ಪ್ಯಾಡಿಗೆ ಅರ್ಜಿ ಸಿಕ್ಕಿಸಿ, ಪೆನ್ನಿಗೊಂದು ದಾರ ಕಟ್ಟಿ, ತನ್ನ ಮನೆಯ ಮುಂದಿನ ಮೂರು ಮೆಟ್ಟಿಲ ಮೇಲೆ ಕೂತುಬಿಡುವುದು. ಬಾರ್ಲೋ ಬೀದಿಯ ಮನೆಗಳು ಒಂದಕ್ಕೊಂದು ಪಕ್ಕೆ ಅಂಟಿಸಿಕೊಂಡು ನಿಂತಿವೆ, ಅಂಗಳವಿಲ್ಲ, ಜಗಲಿಯಿಲ್ಲ. ಆ ಮೂರು ಕಲ್ಲಿನ ಮೆಟ್ಟಿಲೇ ಜಗಲಿ, ಅದೇ ಕೋರ್ಟು, ಅದೇ ರೇಡಿಯೋ. ಸಂಜೆ ಆರಕ್ಕೆ ಎಲ್ಲರೂ ಅಲ್ಲಿರುತ್ತಿದ್ದರು. ಒಬ್ಬೊಬ್ಬರಾಗಿ ಬಂದು, ಸಹಿ ಹಾಕಿ, ಹೋದ ವರ್ಷದ ಮೀನಿಗೆ ಉಪ್ಪು ಜಾಸ್ತಿಯಾಗಿತ್ತೆಂದು ಹೇಳಿ ಹೋಗುತ್ತಿದ್ದರು. ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯುತ್ತಿತ್ತು.

ಈ ವರ್ಷ ಸೋಮವಾರ ಕೂತಳು, ಮಂಗಳವಾರ ಕೂತಳು, ಬುಧವಾರವೂ ಕೂತಳು. ಬಿದ್ದದ್ದು ಹದಿನೇಳು ಸಹಿ. ಬೀದಿಯಲ್ಲಿ ನಲವತ್ತು ಮನೆ, ಬೇಕಾದದ್ದು ಮೂವತ್ತು. ಶುಕ್ರವಾರ ಮಧ್ಯಾಹ್ನಕ್ಕೆ ಅರ್ಜಿ ಕೊಡುವ ಗಡುವು.

ಪಕ್ಕದ ಮೆಟ್ಟಿಲ ಮೇಲೆ ಕೂತಿದ್ದ ರಾಸ್ಕೋ ಪೆಟಿಫೋರ್ಡ್ ಪ್ಯಾಡನ್ನು ಕೈಗೆ ತಗೊಂಡು ಕನ್ನಡಕ ಏರಿಸಿದ. ಎಂಬತ್ತೊಂದು ವರ್ಷದ ಈ ಮುದುಕನಿಗೆ ಹಲ್ಲು ಉದುರಿದ್ದರೂ ನಾಲಿಗೆ ಗಟ್ಟಿಯಾಗಿಯೇ ಉಳಿದಿತ್ತು.

"ಹದಿನೇಳು. ಅದೂ ಎಲ್ಲಾ ಮುದುಕರೇ. ಇದು ಪಾರ್ಟಿ ಅರ್ಜಿನೋ, ಪಿಂಚಣಿ ಅರ್ಜಿನೋ ಮಿಸ್ ವರ್ನೆಲ್?"

"ಸುಮ್ನಿರಿ ಮಿಸ್ಟರ್ ರಾಸ್ಕೋ. ನಿಮ್ಮ ಸಹಿನೇ ಓದೋಕಾಗ್ತಿಲ್ಲ, ಕೋಳಿ ಕೆದರಿದ ಹಾಗಿದೆ."

"ನನ್ನ ಸಹಿ ಬಿಡಿ. ಉಳಿದ ಇಪ್ಪತ್ಮೂರು ಮನೆಯವರನ್ನ ನೀವು ಕಣ್ಣಾರೆ ನೋಡಿದೀರಾ? ನಾನಂತೂ ಅವರ ನಾಯಿಗಳನ್ನ ಮಾತ್ರ ನೋಡಿದೀನಿ."

ಮಾತು ಸುಳ್ಳಲ್ಲ. ಹತ್ತು ವರ್ಷದಲ್ಲಿ ಇಪ್ಪತ್ತಮೂರು ಮನೆ ಕೈ ಬದಲಾಗಿದ್ದವು. ಇಟ್ಟಿಗೆಯ ಎರಡಂತಸ್ತಿನ ಮನೆಗಳ ಹೊಟ್ಟೆ ಬಗೆದು, ಮೇಲೊಂದು ಅಂತಸ್ತು ಏರಿಸಿ, ಮುಖಕ್ಕೆ ಬೂದು ತಗಡು ಹೊಡೆದು, ನೆತ್ತಿಯ ಮೇಲೆ ಮರದ ಹಲಗೆಯ ತಾರಸಿ ಕಟ್ಟಿದ್ದರು. ಬಂದವರು ಹೆಚ್ಚಾಗಿ ಬಿಳಿಯರು, ಚಿಕ್ಕ ವಯಸ್ಸಿನವರು. ಕಾರಿನಿಂದ ಇಳಿದರೆ ಬಾಗಿಲು, ಬಾಗಿಲೊಳಗೆ ಹೋದರೆ ಮಾಯ. ಮೆಟ್ಟಿಲ ಮೇಲೆ ಕೂರುವ ಅಭ್ಯಾಸ ಅವರಿಗಿಲ್ಲ. ಹಳಬರು ಮನೆಯ ಮುಂದೆ ಬದುಕುತ್ತಿದ್ದರೆ ಹೊಸಬರು ಮನೆಯ ಮೇಲೆ ಬದುಕುತ್ತಿದ್ದರು. ನಡುವೆ ಮೂರು ಅಂತಸ್ತಿನ ಅಂತರ.

ವರ್ನೆಲ್‌ಗೆ ಪಾರ್ಟಿ ಬರೀ ಪಾರ್ಟಿಯಾಗಿರಲಿಲ್ಲ. ಬಾರ್ಲೋ ಬೀದಿ ಬಿಟ್ಟುಹೋದವರು ವರ್ಷಕ್ಕೊಮ್ಮೆ ವಾಪಸು ಬರುವ ದಿನ ಅದು. ಆ ದಿನವೂ ಇಲ್ಲವಾದರೆ ಅವರು ಯಾವ ನೆಪ ಹೇಳಿಕೊಂಡು ಬರಬೇಕು? ತಮ್ಮದಲ್ಲದ ಮನೆಯ ಮುಂದೆ ಸುಮ್ಮನೆ ಬಂದು ನಿಂತರೆ ಪೊಲೀಸರಿಗೆ ಫೋನ್ ಹೋದೀತು. ಒಂದು ವರ್ಷ ತಪ್ಪಿತೆಂದರೆ ಮತ್ತೆ ಸೇರುವುದು ಕಷ್ಟ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸಾಂಕ್ರಾಮಿಕ ರೋಗ ಬಂದು ಪಾರ್ಟಿ ನಿಂತ ಎರಡು ಬೇಸಿಗೆಗಳ ನಂತರ ಆರು ಜನ ಬರಲೇ ಇಲ್ಲ.

ಹಾಗೆ ಬರುವವರಿಗಾಗಿಯೇ ಅವಳ ನೆಲಮಾಳಿಗೆಯಲ್ಲಿ ಹತ್ತೊಂಬತ್ತು ಕುರ್ಚಿಗಳಿದ್ದವು.

ಮೊದಲ ಕುರ್ಚಿ ಬಂದದ್ದು ಅವಳು ಹುಡುಗಿಯಾಗಿದ್ದಾಗ. ಸಕ್ಕರೆ ಕಾರ್ಖಾನೆಯಲ್ಲಿ ಮೂಟೆ ಹೊರುತ್ತಿದ್ದ ಅಪ್ಪ, ಸೌತ್ ಕೆರೊಲಿನಾದಿಂದ ಹೆಂಡತಿ ಮಕ್ಕಳನ್ನು ಕರೆಸಿಕೊಂಡು ಈ ಮನೆ ಕೊಂಡಾಗ ವರ್ನೆಲ್‌ಗೆ ಆರು ವರ್ಷ. ಆಗ ಬೀದಿಯ ತುಂಬ ಬಿಳಿಯ ಐರಿಷ್ ಜನ. ಕಪ್ಪು ಜನರಾದ ಇವರ ಸಾಮಾನು ಇಳಿದ ದಿನ ಎದುರು ಸಾಲಿನ ಕಿಟಕಿಗಳೆಲ್ಲ ಪಟಪಟನೆ ಮುಚ್ಚಿಕೊಂಡವು. ಆರೇ ವರ್ಷದಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಗಂಟುಮೂಟೆ ಕಟ್ಟಿದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಉಳಿದವಳು ಒಬ್ಬಳೇ ಮುದುಕಿ, ಮಿಸೆಸ್ ಡೆವೆನಿ. ಅವಳೂ ವರ್ನೆಲ್‌ಳ ಅಮ್ಮನೂ ಎರಡು ವರ್ಷ ಮಾತಾಡಲಿಲ್ಲ. ಆಮೇಲೆ ಮೆಟ್ಟಿಲು ಉಜ್ಜುವ ಪುಡಿಯ ವಿಷಯಕ್ಕೆ ಜಗಳ ಶುರುವಾಗಿ, ಜಗಳದಿಂದ ಮಾತು, ಮಾತಿನಿಂದ ಸ್ನೇಹ ಆಯಿತು. ಕೊನೆಗೆ ಮಕ್ಕಳು ಬಂದು ಮುದುಕಿಯನ್ನು ಊರಾಚೆಯ ಬಡಾವಣೆಗೆ ಕರೆದುಕೊಂಡು ಹೋಗುವಾಗ ಅವಳು ತನ್ನ ಬೆತ್ತದ ಕುರ್ಚಿಯನ್ನು ಅಮ್ಮನ ಕೈಗೆ ಕೊಟ್ಟಿದ್ದಳು. "ಇಟ್ಕೊಂಡಿರಮ್ಮ, ಬಂದಾಗ ಕೂರ್ತೀನಿ" ಅಂದಿದ್ದಳು. ಅಮ್ಮ ಅದರ ಅಡಿಯಲ್ಲಿ ಕೆಂಪು ಉಗುರು ಬಣ್ಣದಿಂದ ಡೆವೆನಿ ಎಂದು ಬರೆದಳು. ಚರ್ಚಿಗೆ, ಸಾವಿನ ಮನೆಗೆ, ಮದುವೆಗೆ ಎಂದು ಕುರ್ಚಿಗಳು ಬೀದಿಯೆಲ್ಲ ಸುತ್ತುವುದರಿಂದ ಇಲ್ಲಿ ಎಲ್ಲರ ಕುರ್ಚಿಯ ಅಡಿಯಲ್ಲೂ ಹೀಗೆ ಹೆಸರಿರುತ್ತದೆ. ಮುದುಕಿ ಸಾಯುವ ತನಕ ಪ್ರತಿ ಬೇಸಿಗೆ ಬಂದು ಕೂತಳು.

"ಕುರ್ಚಿ ಇದ್ರೆ ಮನುಷ್ಯ ಬರ್ತಾನೆ" ಎಂದು ಅಮ್ಮ ಹೇಳುತ್ತಿದ್ದಳು. ಅಮ್ಮ ಹೋದ ಮೇಲೆ ಆ ಕೆಲಸ ವರ್ನೆಲ್‌ಗೆ ಬಂತು. ಯಾರು ಬೀದಿ ಬಿಟ್ಟರೂ ಒಂದು ಕುರ್ಚಿ ಅವಳ ನೆಲಮಾಳಿಗೆಗೆ. ಏಪ್ರಿಲ್‌ನಲ್ಲಿ ಬೀದಿ ತೊಳೆಯುವ ದಿನ ಅವನ್ನೆಲ್ಲ ಮೇಲೆ ತಂದು, ಪೈಪಿನಲ್ಲಿ ನೀರು ಬಿಟ್ಟು ತೊಳೆದು, ಅವರವರ ಹಳೇ ಮನೆಯ ಮುಂದೆ ಒಣಗಲು ಇಡುತ್ತಿದ್ದಳು. ಜುಲೈನಲ್ಲಿ ಮತ್ತೆ ಅಲ್ಲೇ ಇಡುತ್ತಿದ್ದಳು. ಬಂದವರು ನೇರ ಹೋಗಿ ತಮ್ಮ ಮನೆಯ ಮುಂದೆ ಕೂರುತ್ತಿದ್ದರು. ಯಾರನ್ನೂ ಕೇಳಬೇಕಾಗಿರಲಿಲ್ಲ.

ಈ ಏಪ್ರಿಲ್‌ನಲ್ಲಿ ಹತ್ತೊಂಬತ್ತು ಇಟ್ಟಿದ್ದಳು. ಸಂಜೆ ಎತ್ತಿಡುವಾಗ ಹದಿನೆಂಟೇ ಇದ್ದವು. ಕಾಣೆಯಾದದ್ದು ಕ್ಲಿಯೋಥಾ ಬ್ಯಾಸ್ಕಮ್‌ಳ ಕುರ್ಚಿ. ಹೊಳೆಯುವ ಉಕ್ಕಿನ ಕಾಲು, ಹಳದಿ ರೆಕ್ಸಿನ್ ಸೀಟು. ಬೇರೆ ಯಾರದಾದರೂ ಹೋಗಿದ್ದರೆ ವರ್ನೆಲ್ ಎರಡು ದಿನ ಬೈದು ಸುಮ್ಮನಾಗುತ್ತಿದ್ದಳೇನೋ. ಕ್ಲಿಯೋಥಾ ಅವಳಿಗೆ ಅರವತ್ತು ವರ್ಷದಿಂದ ಗೆಳತಿ. ಗಂಡ ತೀರಿ, ಛಾವಣಿ ಸೋರಿ, ಮನೆ ತೆರಿಗೆ ಏರಿ, ಹೂಗುಚ್ಛ ಹಿಡಿದು ಬಂದ ಯಾವನೋ ನಯವಂಚಕನಿಗೆ ಮನೆ ಮಾರಿ, ಮೂರು ವರ್ಷದ ಹಿಂದೆ ಡೆಲವೇರ್‌ನಲ್ಲಿರುವ ಮಗಳ ಮನೆ ಸೇರಿದ್ದಳು. ಆರು ತಿಂಗಳಲ್ಲಿ ಅದೇ ಮನೆ ನಾಲ್ಕು ಪಟ್ಟು ಬೆಲೆಗೆ ಮತ್ತೆ ಮಾರಾಟವಾಯಿತು. ಆ ಸುದ್ದಿ ಕೇಳಿ ಕ್ಲಿಯೋಥಾ ನಾಚಿಕೆಯಿಂದ ಎರಡು ಬೇಸಿಗೆ ಈ ಕಡೆ ತಲೆಯೂ ಹಾಕಲಿಲ್ಲ. ಈ ಸಲ ಮಾತ್ರ ಬರುತ್ತೇನೆಂದು ಮಾತು ಕೊಟ್ಟಿದ್ದಳು. ಕುರ್ಚಿ ಹೋದದ್ದನ್ನು ವರ್ನೆಲ್ ಅವಳಿಗೆ ಹೇಳಿಯೇ ಇರಲಿಲ್ಲ.

ಬುಧವಾರ ಸಂಜೆ ಏಳಕ್ಕೆ ಎಂದಿನಂತೆ ಕ್ಲಿಯೋಥಾಳ ಫೋನ್ ಬಂತು.

"ಎಷ್ಟಾಯ್ತೇ?"

"ಹದಿನೇಳು."

"ಮೂರು ದಿನಕ್ಕೆ ಹದಿನೇಳಾ? ಏನೇ, ಮೆಟ್ಟಿಲ ಮೇಲೆ ಕೂತು ಕಾವು ಕೊಡ್ತಿದೀಯಾ, ಮರಿ ಆಗುತ್ತೆ ಅಂತ?"

"ನಾನೇನು ಮಾಡ್ಲಿ? ಸಹಿ ಹಾಕೋರು ಬರಬೇಕು. ಯಾವತ್ತೂ ಬರ್ತಾ ಇದ್ರು."

"ವರ್ನೆಲ್, ನೀನು ಇಪ್ಪತ್ತೆಂಟು ವರ್ಷ ಟ್ರಾಲಿ ಓಡಿಸ್ದೆ. ಜನ ನಿನ್ನ ಡಿಪೋಗೆ ಬಂದು ಹತ್ತಿದ್ರಾ? ನೀನೇ ಅಲ್ವೇನೇ ಒಂದೊಂದು ಸ್ಟಾಪಿಗೂ ಹೋಗಿ ಬಾಗಿಲು ತೆಗೀತಾ ಇದ್ದದ್ದು?"

ಹಳಿಯ ಮೇಲೆ ಓಡುವ ಆ ಟ್ರಾಲಿ ಓಡಿಸಿದ ಮೊದಮೊದಲ ಹೆಂಗಸರಲ್ಲಿ ವರ್ನೆಲ್ ಒಬ್ಬಳು. ಅದನ್ನೇ ಸಾಕ್ಷಿಯಾಗಿಟ್ಟು ಹೇಳಿದ ಮಾತನ್ನು ತಳ್ಳಿಹಾಕುವುದು ಅವಳಿಂದ ಆಗದು.

"ನನಗೆ ಭಯ ಆಗುತ್ತೆ ಕಣೇ" ಎಂದಳು ಕೊನೆಗೆ. "ಬಾಗಿಲು ತಟ್ಟಿದ್ರೆ, ನೀನ್ಯಾರು ಅಂತ ಕೇಳಿದ್ರೆ? ನನ್ನ ಬೀದೀಲೇ ನಾನ್ಯಾರು ಅಂತ ಹೇಳ್ಬೇಕಾ?"

"ಹೇಳು. ನಿನಗೇನು ಬಾಯಿ ಇಲ್ವಾ?" ಎಂದಳು ಕ್ಲಿಯೋಥಾ. ಆಮೇಲೆ ದನಿ ತಗ್ಗಿಸಿ, "ಪಾರ್ಟಿ ಇದ್ರೆ ಬರ್ತೀನಿ. ಇಲ್ದಿದ್ರೆ ಅಲ್ಲಿ ನನಗೇನಿದೆ ಹೇಳು ನೋಡೋಕೆ, ಆ ತಗಡಾ?" ಎಂದಳು.

ಗುರುವಾರ ಮಧ್ಯಾಹ್ನ ನಾಲ್ಕಕ್ಕೆ ವರ್ನೆಲ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತುಟಿಗೆ ಬಣ್ಣ ಹಚ್ಚಿ, ಪ್ಯಾಡ್ ಹಿಡಿದು ಹೊರಟಳು. ಎಪ್ಪತ್ತೆರಡರ ಮೊಣಕಾಲು, ಸಾಲಿಗೆ ಇಪ್ಪತ್ತು ಮನೆ.

ಮೊದಲ ಬಾಗಿಲಲ್ಲಿ ಮನುಷ್ಯರಿರಲಿಲ್ಲ, ಕರೆಗಂಟೆಯೇ ಮಾತಾಡಿತು. ಗಂಟೆಯಲ್ಲೊಂದು ಸಣ್ಣ ಕ್ಯಾಮೆರಾ ಕಣ್ಣು.

"ನಮಗೆ ಏನೂ ಬೇಡ, ಥ್ಯಾಂಕ್ಸ್."

"ನಾನೇನೂ ಮಾರೋಕೆ ಬಂದಿಲ್ಲಪ್ಪ."

"ಮನೆ ಕೊಳ್ಳೋರಾ? ನಾವು ಮಾರೋದಿಲ್ಲ. ದಯವಿಟ್ಟು ಮತ್ತೆ ಬರಬೇಡಿ."

ವರ್ನೆಲ್‌ಗೆ ಕೋಪ ಬರುವ ಮೊದಲು ನಗು ಬಂತು. ಅವಳ ಬಾಗಿಲಿಗೂ ಒಂದು ಬೋರ್ಡಿದೆ: "ಮನೆ ಮಾರಾಟಕ್ಕಿಲ್ಲ. ಹೌದು, ನಿನಗೇ ಹೇಳಿದ್ದು." ವಾರಕ್ಕೆ ನಾಲ್ಕು ಜನ ಅವಳ ಮನೆ ಕೇಳಿಕೊಂಡು ಬರುತ್ತಾರೆ. ಆ ಕಾಟ ಹೊಸಬರಿಗೂ ಇದೆಯೆಂದು ಅವಳಿಗೆ ಅಂದೇ ಗೊತ್ತಾದದ್ದು. ಗಂಟೆಯ ಕಣ್ಣಿಗೇ ಮುಖ ಕೊಟ್ಟು, "ಮಗನೇ, ನಾನು ಇದೇ ಬೀದಿ ಹದಿನೆಂಟುನೂರಾ ಹದಿನೇಳನೇ ನಂಬರ್ ಮನೆಯೋಳು. ನೀನು ಹುಟ್ಟೋ ಮೊದಲಿಂದ ಇಲ್ಲಿದೀನಿ. ಕೆಳಗಿಳಿದು ಬಾ" ಎಂದಳು. ಅವನು ಇಳಿದು ಬಂದು, ಕಿವಿ ಕೆಂಪಾಗಿಸಿಕೊಂಡು ಸಹಿ ಹಾಕಿದ.

ಐದನೇ ಮನೆಯಲ್ಲಿ ನಾಯಿ ಹಿಡಿದ ಒಬ್ಬ ನಗುನಗುತ್ತ ಬಾಗಿಲು ತೆಗೆದ. "ಓ, ನೀವಾ! ದಿನಾ ಬೆಳಿಗ್ಗೆ ಬೀದಿ ಗುಡಿಸ್ತೀರಲ್ಲ. ನಾಲ್ಕು ವರ್ಷದಿಂದ ನೋಡ್ತಿದೀನಿ. ನೀವು ನಗರದ ಕೆಲಸದವರು ಅಂದ್ಕೊಂಡಿದ್ದೆ."

ಅಂಗಾಲಿನ ಉರಿ ನೆತ್ತಿಗೇರಿತು. ಅರವತ್ತಾರು ವರ್ಷದಿಂದ ಬಾಳಿದ ಬೀದಿಯಲ್ಲಿ ಜಾಡಮಾಲಿಯಾಗಿ ಕಂಡೆನೇ! "ಸಂಬಳ ಯಾರು ಕೊಡ್ತಾರೆ, ನೀನಾ?" ಎಂದಳು. ಅವನು ಕಂಗಾಲಾಗಿ ಸಹಿ ಹಾಕಿ, ನಾಳೆಯಿಂದ ತಾನೂ ಪೊರಕೆ ಹಿಡಿಯುತ್ತೇನೆಂದ. ಹೇಳಿದ್ದು ಸುಳ್ಳಾಗಲಿಲ್ಲ, ಈಗಲೂ ಮಂಗಳವಾರ ಅವನೇ ಗುಡಿಸುತ್ತಾನೆ. ಆದರೆ ಅಂದು ವರ್ನೆಲ್‌ಗೆ ಅದರಿಂದ ಸಮಾಧಾನವಾಗಲಿಲ್ಲ.

ಆರು ಗಂಟೆಗೆ ಲೆಕ್ಕ ಇಪ್ಪತ್ತೆರಡಕ್ಕೆ ಬಂದಿತ್ತು. ಉಳಿದ ಮನೆಗಳಲ್ಲಿ ಗಂಟೆ ಒತ್ತಿದರೆ ಒಳಗೆ ಎಲ್ಲೋ ದೂರದಲ್ಲಿ ಟಿಂಗ್ ಎನ್ನುತ್ತಿತ್ತು, ಯಾರೂ ಬರುತ್ತಿರಲಿಲ್ಲ. ಮನೆಯೊಳಗೆ ಜನ ಇರುವುದಂತೂ ನಿಜ, ಎಲ್ಲಿಂದಲೋ ನಗು ಕೇಳುತ್ತಿತ್ತು, ಮಾಂಸ ಸುಡುವ ವಾಸನೆ ಬರುತ್ತಿತ್ತು. ಬೇಕೆಂದೇ ಬಾಗಿಲು ತೆಗೆಯುತ್ತಿಲ್ಲ ಎಂದುಕೊಂಡು ವರ್ನೆಲ್‌ಳ ಕಣ್ಣಿಗೆ ನೀರು ಬಂತು. ಇನ್ನು ಎಂಟು ಸಹಿ ಎಲ್ಲಿಂದ ತರುವುದು?

ಉಳಿದಿದ್ದದ್ದು ಅವಳು ಬೇಕೆಂದೇ ಕೊನೆಗೆ ಬಿಟ್ಟಿದ್ದ ಮನೆ. ಕ್ಲಿಯೋಥಾಳ ಮನೆ. ಮಾರಾಟವಾದ ಮೇಲೆ ಆ ಮೆಟ್ಟಿಲನ್ನು ಅವಳು ತುಳಿದೇ ಇರಲಿಲ್ಲ.

ಬಾಗಿಲು ತೆಗೆದವಳು ಮೂವತ್ತರ ಆಸುಪಾಸಿನ, ನಸುಗೆಂಪು ಕೂದಲಿನ ಹುಡುಗಿ, ಕೈಯಲ್ಲಿ ನೀರಿನ ಡಬ್ಬಿ. ಟೆಸ್ ಲಿಂಡ್‌ಕ್ವಿಸ್ಟ್, ಮಿನೆಸೋಟದ ಕಡೆಯ ಹಳ್ಳಿಯವಳು, ಈ ಫೆಬ್ರವರಿಯಲ್ಲಷ್ಟೇ ಆ ಮನೆಗೆ ಬಂದವಳು, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಅರ್ಜಿ ಪೂರ್ತಿ ಓದುವ ಮೊದಲೇ ಸಹಿ ಹಾಕಿದಳು. "ನೀವು ತುಂಬಾ ದಣಿದಿದ್ದೀರಿ. ಮೇಲೆ ಬನ್ನಿ, ಗಾಳಿ ಚೆನ್ನಾಗಿದೆ, ತಣ್ಣಗೆ ಏನಾದ್ರೂ ಕೊಡ್ತೀನಿ" ಎಂದಳು.

ವರ್ನೆಲ್ ಬೇಡ ಅನ್ನಬೇಕೆಂದಿದ್ದಳು. ಆದರೆ ಕ್ಲಿಯೋಥಾಳ ಮನೆಯ ಒಳಗೆ ಏನಾಗಿದೆ ನೋಡುವ ಕೆಟ್ಟ ಆಸೆ ಗೆದ್ದಿತು. ಒಳಗೆ ಗೋಡೆಗಳೇ ಇರಲಿಲ್ಲ. ನಡುಮನೆ, ಊಟದ ಕೋಣೆ, ಅಡುಗೆಮನೆ ಎಲ್ಲ ಸೇರಿ ಒಂದೇ ಬಿಳಿ ಹಜಾರ. ಹಿಂದಿನ ಕಿಟಕಿಯೊಂದು ಮಾತ್ರ ಇದ್ದಲ್ಲೇ ಇತ್ತು. ಹಿಂದೆಲ್ಲ ಅದರ ಪಕ್ಕದಲ್ಲಿ ಕೂತು ಕ್ಲಿಯೋಥಾ ಸೊಪ್ಪು ಬಿಡಿಸುತ್ತಿದ್ದಳು. ವರ್ನೆಲ್ ಆ ಕಡೆ ನೋಡದೆ, ಕಟಕಟ ಎನ್ನುವ ಮೊಣಕಾಲನ್ನು ಬೈಯುತ್ತ ಮೂರು ಅಂತಸ್ತು ಹತ್ತಿದಳು.

ತಾರಸಿಯ ಮೇಲೆ ಟೊಮೆಟೊ ಕುಂಡಗಳ ನಡುವೆ ಕುರ್ಚಿ ನಿಂತಿತ್ತು. ಸೀಟು ನೀಲಿಯಾಗಿತ್ತು, ಆದರೆ ಆ ಉಕ್ಕಿನ ಕಾಲುಗಳನ್ನು ಅವಳು ಕತ್ತಲಲ್ಲಿ ಮುಟ್ಟಿ ಗುರುತು ಹಿಡಿಯಬಲ್ಲಳು. ಕುರ್ಚಿಯನ್ನು ಮಗುಚಿದಳು. ಅಡಿಯಲ್ಲಿ ಕೆಂಪು ಉಗುರು ಬಣ್ಣದಲ್ಲಿ ಕ್ಲಿಯೋಥಾ ಎಂದಿತ್ತು.

"ಇದು ನಿನಗೆಲ್ಲಿ ಸಿಕ್ತು?"

"ಇದಾ? ಏಪ್ರಿಲ್‌ನಲ್ಲಿ ಯಾರೋ ನಮ್ಮ ಬಾಗಿಲ ಮುಂದೆ ಬಿಟ್ಟು ಹೋಗಿದ್ರು."

"ಬಿಟ್ಟು ಹೋಗಿದ್ರು! ಕಸದ ಡಬ್ಬಿ ಪಕ್ಕದಲ್ಲಿತ್ತಾ? ಕಾಲು ಮುರಿದಿತ್ತಾ? ತೊಳೆದು ಒರೆಸಿ ಇಟ್ಟ ಕುರ್ಚಿನ ಯಾರಾದ್ರೂ ಎಸೀತಾರಾ? ನಾನಿಟ್ಟಿದ್ದು ಅದನ್ನ. ಈ ಮನೆಯೋಳದು ಅದು. ನಿಜವಾದ ಮನೆಯೋಳದು!"

ಟೆಸ್‌ಳ ಮುಖ ಸುಣ್ಣದಂತಾಯಿತು. "ನಮ್ಮೂರಲ್ಲಿ ರಸ್ತೆ ಬದಿ ಇಟ್ರೆ ಬೇಕಾದವರು ತಗೊಳ್ಳಿ ಅಂತ ಅರ್ಥ. ಇದು ನಮ್ಮ ಬಾಗಿಲಿಗೇ ಮುಖ ಮಾಡಿತ್ತು. ಹೊಸಬಳು ಅಂತ ಯಾರೋ ಪ್ರೀತಿಯಿಂದ ಕೊಟ್ಟಿದ್ದಾರೆ ಅಂದ್ಕೊಂಡೆ. ಸೀಟು ಹರಿದಿತ್ತು, ಹೊಲಿಸ್ದೆ. ಅಡಿಯಲ್ಲಿ ಹೆಸರು ನೋಡಿದ ಮೇಲೆ ಯಾರಿರಬಹುದು ಅಂತ ಯೋಚಿಸ್ತಾನೇ ಇದ್ದೆ. ಕೇಳೋಕೆ ಯಾರೂ ಗೊತ್ತಿರಲಿಲ್ಲ." ನೀರಿನ ಡಬ್ಬಿ ಕೆಳಗಿಟ್ಟು, "ನನಗೆ ಈ ಬೀದಿಯಲ್ಲಿ ಯಾರಾದ್ರೂ ಕೊಟ್ಟದ್ದು ಅಂದ್ರೆ ಇದೊಂದೇ" ಎಂದಳು.

ವರ್ನೆಲ್‌ಗೆ ಬೈಯಲು ಬೇಕಾದಷ್ಟಿತ್ತು. ಆದರೆ ಎರಡು ವರ್ಷದಿಂದ ಇದೇ ಬಾಗಿಲ ಮುಂದೆ ಕುರ್ಚಿ ಇಟ್ಟು ತೆಗೆಯುತ್ತಿದ್ದವಳು ತಾನು. ಒಂದು ಸಲವಾದರೂ ಗಂಟೆ ಒತ್ತಿ, ಇದು ಯಾಕೆ, ಯಾರದು ಎಂದು ಹೇಳಿದ್ದಳೇ? ಇಲ್ಲ. ಅಮ್ಮ ಮಿಸೆಸ್ ಡೆವೆನಿಯ ಜೊತೆ ಕನಿಷ್ಠ ಜಗಳವನ್ನಾದರೂ ಆಡಿದ್ದಳು. ತಾನು ಅಷ್ಟನ್ನೂ ಮಾಡಿರಲಿಲ್ಲ. ಈ ಯೋಚನೆ ಅವಳನ್ನು ಸಿಟ್ಟಿಗಿಂತ ಹೆಚ್ಚು ಸುಟ್ಟಿತು.

ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿ ಕೂತಳು. ಆಗ ತಲೆ ಎತ್ತಿ ನೋಡಿದಳು.

ಅರವತ್ತಾರು ವರ್ಷದಲ್ಲಿ ತನ್ನ ಬೀದಿಯನ್ನು ಅವಳು ಮೇಲಿನಿಂದ ನೋಡಿರಲಿಲ್ಲ. ಎರಡೂ ಸಾಲಿನ ನೆತ್ತಿಯ ಮೇಲೆ ತಾರಸಿಯ ಪಕ್ಕ ತಾರಸಿ. ಒಂದರಲ್ಲಿ ಗಂಡಹೆಂಡತಿ ಮಾಂಸ ಸುಡುತ್ತಿದ್ದರು. ಒಂದರಲ್ಲಿ ಒಬ್ಬಳು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಒಬ್ಬ ಗಿಟಾರಿನ ತಂತಿ ಬಿಗಿಯುತ್ತಿದ್ದ, ಇನ್ನೊಬ್ಬ ಬಟ್ಟೆ ಹರವುತ್ತಿದ್ದ. ಕಾಣೆಯಾದ ಬಾರ್ಲೋ ಬೀದಿ ಎಲ್ಲ ಅಲ್ಲೇ ಇತ್ತು. ಬೇಕೆಂದು ಬಾಗಿಲು ಹಾಕಿಕೊಂಡವರಲ್ಲ ಇವರು, ಗಂಟೆಯ ಸದ್ದೇ ಅಲ್ಲಿಗೆ ಮುಟ್ಟಿರಲಿಲ್ಲ. ಸಂಜೆ ಆರಕ್ಕೆ ಹಳಬರು ಮೆಟ್ಟಿಲ ಮೇಲೆ ಹೇಗೋ ಹಾಗೇ ಇವರೂ ಕೂತಿದ್ದರು.

"ಇವರೆಲ್ಲ ನಿನಗೆ ಗೊತ್ತಾ?"

"ಕೈ ಬೀಸ್ತೀವಿ. ಹೆಸರು ಗೊತ್ತಿಲ್ಲ" ಎಂದಳು ಟೆಸ್.

"ಕೈ ಬೀಸ್ತೀವಿ ಅಂತೆ" ಎಂದು ಗೊಣಗಿ ವರ್ನೆಲ್ ಎದ್ದಳು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಇಪ್ಪತ್ತೆಂಟು ವರ್ಷ ತುಂಬಿದ ಟ್ರಾಲಿಯ ಕೊನೇ ಸೀಟಿಗೆ ಮೈಕಿಲ್ಲದೆ ದನಿ ಮುಟ್ಟಿಸಿದ ಗಂಟಲು ಅದು. ಕಟಕಟೆ ಹಿಡಿದು, ಎದೆ ತುಂಬ ಉಸಿರು ಎಳೆದುಕೊಂಡಳು.

"ಬಾರ್ಲೋ ಬೀದಿ! ಕೊನೇ ಸ್ಟಾಪ್! ಎಲ್ರೂ ಕೆಳಗಿಳೀರಿ!"

ಗಿಟಾರು ನಿಂತಿತು. ಮಗು ಎದ್ದಿತು. ಇಪ್ಪತ್ತು ಮೂವತ್ತು ಮುಖ ಒಟ್ಟಿಗೆ ಈ ಕಡೆ ತಿರುಗಿದವು.

"ನಾನು ವರ್ನೆಲ್ ಗ್ಯಾಸ್ಕಿನ್ಸ್, ಈ ಬೀದಿ ಕ್ಯಾಪ್ಟನ್! ಜುಲೈನಲ್ಲಿ ಪಾರ್ಟಿ, ನಿಮಗೂ ಸೇರಿ! ಸಹಿ ಹಾಕದೋರಿಗೆ ಮೀನಿಲ್ಲ! ಇಳೀರಿ, ಇಳೀರಿ, ಬಾಗಿಲ ಹತ್ರ ನಿಲ್ಲಬೇಡಿ!"

ಕೆಳಗೆ ಮೆಟ್ಟಿಲ ಮೇಲಿದ್ದ ರಾಸ್ಕೋ ಆಕಾಶ ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ. "ಮಿಸ್ ವರ್ನೆಲ್, ಸ್ವರ್ಗಕ್ಕೆ ಹೋಗೋವಾಗ ಹೇಳಿ ಹೋಗ್ಬಾರ್ದಾ?" ಎಂದು ಕೂಗಿದ.

ಹತ್ತು ನಿಮಿಷದಲ್ಲಿ ಬೂದು ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಕೈಯಲ್ಲಿ ಇಕ್ಕಳ ಹಿಡಿದೇ ಒಬ್ಬ ಬಂದ, ಬರಿಗಾಲಲ್ಲೇ ಒಬ್ಬಳು ಬಂದಳು. ಕ್ಲಿಯೋಥಾಳ ಹಳೇ ಮೆಟ್ಟಿಲ ಮುಂದೆ ಸಾಲು ನಿಂತರು. ಸಾಲಿನಲ್ಲಿ ನಿಂತವರು ಒಬ್ಬರಿಗೊಬ್ಬರು ಹೆಸರು ಹೇಳಿಕೊಳ್ಳುವುದನ್ನು ವರ್ನೆಲ್ ಕಣ್ಣರಳಿಸಿ ನೋಡಿದಳು. ನಾಲ್ಕು ವರ್ಷದಿಂದ ಪಕ್ಕಪಕ್ಕದ ಗೋಡೆಯವರು! ಇಬ್ಬರು ಮಾತ್ರ ಬರಲಿಲ್ಲ. ಒಬ್ಬಾತ ಬಂದು ಅರ್ಜಿ ಓದಿ, ಕಾರು ನಿಲ್ಲಿಸಲು ತೊಂದರೆ ಎಂದು ಸಹಿ ಹಾಕದೆ ಹೋದ. ಅಂಥವನೊಬ್ಬ ಹಳೇ ಕಾಲದಲ್ಲೂ ಇದ್ದ, ಅವನ ಹೆಸರು ರಾಸ್ಕೋ. ಒಟ್ಟು ಮೂವತ್ತೇಳು ಸಹಿ ಆಯಿತು. ಶುಕ್ರವಾರ ಬೆಳಿಗ್ಗೆ ಕಚೇರಿಯ ಬಾಗಿಲು ತೆಗೆಯುವ ಮೊದಲೇ ವರ್ನೆಲ್ ಅಲ್ಲಿದ್ದಳು.

ಅಂದು ಸಂಜೆ ಫೋನಿನಲ್ಲಿ ಕುರ್ಚಿಯ ಕಥೆಯನ್ನೂ ಹೇಳಿದಳು.

"ನೀಲಿನಾ?" ಎಂದಳು ಕ್ಲಿಯೋಥಾ.

"ನೀಲಿ."

"ಕೂರೋಕೆ ಬರುತ್ತೋ ಇಲ್ವೋ?"

"ಬರುತ್ತೆ. ಕೂತು ನೋಡಿದೀನಿ."

"ಸರಿ ಬಿಡು" ಎಂದು ಅವಳು ಫೋನ್ ಇಟ್ಟಳು.

ಜುಲೈ ಮೂರನೇ ಶನಿವಾರ ಬಿಸಿಲು ಸುಡುತ್ತಿತ್ತು. ಮೀನು ಹುರಿಯುವ ಬಾಣಲೆ ರಾಸ್ಕೋನ ಮೆಟ್ಟಿಲ ಮುಂದೆ, ಹಾಡಿನ ಪೆಟ್ಟಿಗೆ ಎದುರಿಗೆ. ಟೆಸ್ ಆಲೂಗಡ್ಡೆ ಸಲಾಡ್ ಮಾಡಿ ತರುತ್ತೇನೆಂದಿದ್ದಳು. ವರ್ನೆಲ್ ಅವಳ ಭುಜ ತಟ್ಟಿ, "ತಾಯೀ, ಆ ಸಲಾಡ್ ಮಾಡೋ ಅಧಿಕಾರ ಬರೋಕೆ ಈ ಬೀದೀಲಿ ಇಪ್ಪತ್ತು ವರ್ಷ ಬೇಕು. ನೀನು ಐಸ್ ತಗೊಂಡು ಬಾ" ಎಂದಿದ್ದಳು. ಟೆಸ್ ಮೂರು ಪೆಟ್ಟಿಗೆ ಐಸ್ ತಂದಳು. ಹದಿನೆಂಟು ಕುರ್ಚಿಗಳು ಅವರವರ ಜಾಗದಲ್ಲಿ ನಿಂತವು. ಮಿಸೆಸ್ ಡೆವೆನಿಯದೂ ಇತ್ತು, ಬರುವವರಿಲ್ಲದಿದ್ದರೂ ಅದನ್ನು ಇಡದ ವರ್ಷವಿಲ್ಲ. ಹತ್ತೊಂಬತ್ತನೆಯದನ್ನು ಟೆಸ್ ತಾನೇ ಹೊತ್ತು ತಂದು ಬಾಗಿಲ ಮುಂದೆ ಇಟ್ಟಿದ್ದಳು.

ಎರಡು ಗಂಟೆಗೆ ಅಡ್ಡಗಟ್ಟೆಯ ಆಚೆ ಕ್ಲಿಯೋಥಾಳ ಮಗಳ ಕಾರು ನಿಂತಿತು. ಯಾರೂ ಇಳಿಯಲಿಲ್ಲ. ವರ್ನೆಲ್ ಹೋಗಿ ನೋಡಿದರೆ, ಕ್ಲಿಯೋಥಾ ಹ್ಯಾಟು ಹಾಕಿಕೊಂಡು, ಕೈಚೀಲ ತಬ್ಬಿಕೊಂಡು, ದೂರದ ಆ ಬೂದು ತಗಡನ್ನೇ ನೋಡುತ್ತ ಕೂತಿದ್ದಳು. ಕೆನ್ನೆ ಒದ್ದೆಯಾಗಿತ್ತು.

"ನನ್ನ ಕೈಯಲ್ಲಾಗಲ್ಲ ಕಣೇ. ನಾನೇ ಮಾರಿದ್ದು. ಯಾವ ಮುಖ ಇಟ್ಕೊಂಡು ಕೂರ್ಲಿ?"

ವರ್ನೆಲ್ ಕಾರಿನ ಬಾಗಿಲು ತೆಗೆದು ಪಕ್ಕಕ್ಕೆ ನಿಂತಳು. "ನಿನ್ನ ಸ್ಟಾಪ್ ಬಂತು. ಇಳಿ. ಹಿಂದೆ ಜನ ಕಾಯ್ತಿದಾರೆ."

ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು. ಗೆಳತಿಯ ತೋಳು ಹಿಡಿದು, ಬೀದಿಯುದ್ದಕ್ಕೂ ಅಪ್ಪಿಕೊಳ್ಳುವವರನ್ನೆಲ್ಲ ಅಪ್ಪಿಕೊಂಡು, ತನ್ನ ಮನೆಯ ಮುಂದೆ ಬಂದು ನಿಂತಳು. ಕುರ್ಚಿ ನೋಡಿದಳು. ಕೂತಳು. ಅತ್ತಿತ್ತ ಸರಿದು ಪರೀಕ್ಷೆ ಮಾಡಿದಳು.

"ನನ್ನ ಹಳದಿ ಎಲ್ಲಿ?"

"ಹರಿದಿತ್ತು. ನಾನೇ ಬದಲಾಯಿಸ್ದೆ. ಕ್ಷಮಿಸಿ" ಎಂದಳು ಟೆಸ್.

"ಆ ಹರುಕು ಹನ್ನೆರಡು ವರ್ಷ ನನ್ನ ತೊಡೆ ಚಿವುಟ್ತು ಮಗಳೇ. ಒಳ್ಳೇದಾಯ್ತು ಬಿಡು" ಎಂದ ಕ್ಲಿಯೋಥಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಹಿಂದಿನ ಕಿಟಕಿ ಇನ್ನೂ ಇದೆಯಾ?"

"ಇದೆ."

"ತೋರಿಸು."

ಇಬ್ಬರೂ ಒಳಗೆ ಹೋದರು. ವರ್ನೆಲ್ ಹೋಗಲಿಲ್ಲ, ಕುರ್ಚಿ ಕಾಯುತ್ತ ಹೊರಗೆ ನಿಂತಳು. ಅರ್ಧ ಗಂಟೆಯ ಮೇಲೆ ಕ್ಲಿಯೋಥಾಳ ಗಟ್ಟಿ ದನಿ ಹೊರಗೆ ಕೇಳಿತು: ಇಲ್ಲಿ ಒಲೆ ಇತ್ತು, ಇಲ್ಲಿ ನನ್ನ ಗಂಡ ಬಿದ್ದು ತಲೆ ಒಡೆದುಕೊಂಡ, ಈ ಕೊಳವೆ ಜನವರಿಯಲ್ಲಿ ಹೆಪ್ಪುಗಟ್ಟುತ್ತೆ, ಬಟ್ಟೆ ಸುತ್ತಿಡು. ಆ ದನಿಯಲ್ಲಿ ನಾಚಿಕೆ ಉಳಿದಿರಲಿಲ್ಲ.

ಬಿಸಿಲು ಇಳಿದ ಮೇಲೆ, ಬಂದವರೆಲ್ಲ ಹೊರಟ ಮೇಲೆ ವರ್ನೆಲ್ ಕುರ್ಚಿಗಳನ್ನು ನೆಲಮಾಳಿಗೆಗೆ ಸಾಗಿಸತೊಡಗಿದಳು. ಕ್ಲಿಯೋಥಾಳ ಕುರ್ಚಿಗೆ ಕೈ ಹಾಕಿದಾಗ, ಕಾರಿನ ಕಿಟಕಿಯಿಂದ ಅವಳು ಕೂಗಿದಳು.

"ಅದನ್ನ ಬಿಡೇ! ಮೂರು ವರ್ಷ ನಿನ್ನ ನೆಲಮಾಳಿಗೇಲಿ ಕೊಳೀತು ಸಾಕು. ಅದರ ಜಾಗ ಆ ಕಿಟಕಿ ಪಕ್ಕ. ಹುಡುಗಿಗೆ ಹೇಳಿದೀನಿ."

ವರ್ನೆಲ್ ಕೈ ತೆಗೆಯಲಿಲ್ಲ. ಕುರ್ಚಿ ಕೊಡುವುದೆಂದರೆ ಇಡೀ ಬೀದಿಯನ್ನೇ ಬರೆದುಕೊಟ್ಟಂತೆ ಅನ್ನಿಸಿತು ಒಂದು ಕ್ಷಣ. ಆಮೇಲೆ ಟೆಸ್ ಕಡೆ ತಿರುಗಿ, ಟ್ರಾಲಿಯಲ್ಲಿ ಚಿಲ್ಲರೆ ಇಲ್ಲದವರನ್ನು ನೋಡುವ ಹಾಗೆ ನೋಡಿದಳು.

"ಹೆಸರು ಅಳಿಸಬಾರದು."

"ಅಳಿಸೋದಿಲ್ಲ, ಮಿಸ್ ವರ್ನೆಲ್."

"ಜುಲೈನಲ್ಲಿ ನೀನೇ ಹೊರಗೆ ತಂದಿಡ್ಬೇಕು."

"ತಂದಿಡ್ತೀನಿ. ಯಾವ ಕಡೆಗೆ ಮುಖ ಮಾಡಿ ಇಡ್ಲಿ?"

ಇಂಥ ಪ್ರಶ್ನೆಯನ್ನು ವರ್ನೆಲ್‌ಗೆ ಯಾರೂ ಕೇಳಿರಲಿಲ್ಲ, ಗೊತ್ತಿಲ್ಲದವರು ಬೀದಿಯಲ್ಲಿ ಇರಲೇ ಇಲ್ಲವಲ್ಲ. ಈ ಏಪ್ರಿಲ್‌ನಲ್ಲಿ ಅವಸರಕ್ಕೆ ಬಾಗಿಲಿಗೆ ಮುಖ ಮಾಡಿ ಒಣಗಲು ಇಟ್ಟಿದ್ದವಳು ತಾನೇ ಎಂಬುದು ನೆನಪಾಯಿತು.

"ಬೀದಿ ಕಡೆಗೆ" ಎಂದಳು.

ಅಂದು ನೆಲಮಾಳಿಗೆಗೆ ಇಳಿದದ್ದು ಹದಿನೆಂಟು ಕುರ್ಚಿ. ಬೀದಿ ಬಿಟ್ಟುಹೋದವರ ಕುರ್ಚಿಗಳ ಲೆಕ್ಕ ಇಡುತ್ತ ಬಂದ ಇಷ್ಟು ವರ್ಷಗಳಲ್ಲಿ ಒಂದು ಕುರ್ಚಿ ತನ್ನ ಮನೆಗೆ ವಾಪಸು ಹೋದದ್ದು ಅದೇ ಮೊದಲು. ವರ್ನೆಲ್ ದೀಪ ಆರಿಸಿ ಮೇಲೆ ಬಂದಳು, ಕಾಲು ನೋವಿಗೆ ಎಣ್ಣೆ ಹಚ್ಚಿಕೊಂಡು ಮಲಗಿದಳು.

ಮುಂದಿನ ಗುರುವಾರ ಸಂಜೆ ಆರಕ್ಕೆ ಅವಳು ಮೆಟ್ಟಿಲ ಮೇಲೆ ಬಂದು ಕೂತಾಗ ರಾಸ್ಕೋ ಗಲ್ಲದಿಂದ ಎದುರು ಸಾಲಿನತ್ತ ತೋರಿಸಿದ. ಟೆಸ್ ಹೊರಗೆ ಕೂತು ಟೊಮೆಟೊ ಹೆಚ್ಚುತ್ತಿದ್ದಳು. ಮುಂದಿನ ಜುಲೈ ಬರಲು ಇನ್ನೂ ಒಂದು ವರ್ಷವಿತ್ತು, ಆದರೂ ನೀಲಿ ಕುರ್ಚಿ ಬೀದಿಯ ಕಡೆಗೇ ಮುಖ ಮಾಡಿತ್ತು.